ಪರೇಲಿನ ಸೀಮೆಸುಣ್ಣದ ಕಾರು

ಮೈಸೂರಿನಲ್ಲಿ ಇದ್ದಷ್ಟು ದಿನ ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ. ಇರುವುದಕ್ಕೆ ಕಾರಣ ಬೇಕಲ್ಲ! ಹ್ಯಾಲ್ಡನ್ ಎಂಬ ವಿಲಾಯಿತಿ ಕಂಪನಿಯ ಕಾರು, ಇಬ್ಬರೇ ಕೂರುವಂಥದು, ಬಟ್ಟೆಯ ಮಾಡನ್ನು ಮಡಚಿ ಹಿಂದಕ್ಕೆ ಹಾಕಿ ಗಾಳಿಗೆ ಎದೆಯೊಡ್ಡಿ ಓಡಿಸುವಂಥದು, ಊರಿಗೆಲ್ಲ ನನ್ನದೊಂದೇ. ಅರಮನೆಯ ಕಾರುಗಳ ಮಾತು ಬೇರೆ. ಅವಕ್ಕೆ ನಮಸ್ಕಾರ ಮಾಡಬಹುದೇ ಹೊರತು ನಮ್ಮದರ ಜೊತೆ ಹೋಲಿಸಬಾರದು. ದೇಶ ಬಿಟ್ಟು ಹೊರಟಿದ್ದ ಇಂಗ್ಲಿಷ್ ಎಂಜಿನಿಯರನೊಬ್ಬನಿಂದ ಕೊಂಡ ಆ ಹಸಿರು ಗಾಡಿಯಲ್ಲಿ ನಾನು ಕೋರ್ಟಿನ ಮುಂದೆ ಇಳಿದರೆ, ಕೇಸು ಸೋತ ಕಕ್ಷಿಗಾರನೂ ನಮ್ಮ ವಕೀಲರ ಕಾರಾದರೂ ಚೆನ್ನಾಗಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದ. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ.

ಈ ಗೌಡಿಕೆಗೆ ಕಲ್ಲು ಹಾಕಿದವನು ನನ್ನ ಹೆಂಡತಿ ಪದ್ಮಳ ತಮ್ಮ ರಾಘು. ಮುಂಬಯಿಯ ಪರೇಲಿನಲ್ಲಿ ಬಟ್ಟೆ ಗಿರಣಿಯೊಂದರ ಎಂಜಿನಿಯರು, ಇನ್ನೂ ಬ್ರಹ್ಮಚಾರಿ. ಹೋದ ಬೇಸಿಗೆಯಲ್ಲಿ ಬಂದವನು ತನ್ನ ಹತ್ತಿರವೂ ಒಂದು ಹ್ಯಾಲ್ಡನ್ ಇದೆ, ಬೂದಿ ಬಣ್ಣದ್ದು, ಯುದ್ಧ ಮುಗಿದ ಮೇಲೆ ಮಾಡಿದ್ದು ಎಂದ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮುಂಬಯಿಯಲ್ಲಿ ಹ್ಯಾಲ್ಡನ್ ಇಟ್ಟುಕೊಂಡವರ ಒಂದು ಗುಂಪೇ ಇದೆ, ಕಂಪನಿ ಮುಂದೆ ಯಾವ ಹೊಸ ಕಾರು ತರುತ್ತದೆ ಎಂದು ಅವರೆಲ್ಲ ಭಾನುವಾರ ಭಾನುವಾರ ಕೂತು ಕಾಯುತ್ತಾರೆ ಎಂದ. ಅವರು ಕಾಯುವುದಕ್ಕೆ ಕಾರಣವಿತ್ತು. ವಿಲಾಯಿತಿಯಿಂದ ಹೊಸ ಕಾರು ತರಿಸುವ ಪರವಾನಗಿ ಸಿಗುವುದು ಗುಂಪಿನ ಹಿರಿಯ ರುಸ್ತುಂಜಿ ಎಂಬ ಪಾರ್ಸಿ ಗೃಹಸ್ಥರೊಬ್ಬರಿಗೇ. ಅವರಿಗೆ ಹೊಸದು ಬಂದರೆ ಅವರ ಕಾರು ರಾಘುವಿಗೆ, ರಾಘುವಿನದು ಅವನ ಕೆಳಗಿನವನಿಗೆ. ಅಣ್ಣನ ಅಂಗಿ ತಮ್ಮನಿಗೆ ಇಳಿಯುವ ಹಾಗೆ.

"ಭಾವ, ಈ ಸಲ ನನ್ನ ಕಾರು ನಿಮ್ಗೇ ಬರ್ಲಿ. ಆದ್ರೆ ನೀವೂ ಬರ್ಬೇಕು, ನಿಮ್ ಗಾಡೀನೂ ಬರ್ಬೇಕು. ಕಣ್ಣಲ್ಲಿ ನೋಡ್ದೆ ಅವರು ಯಾರನ್ನೂ ಸೇರಿಸ್ಕೊಳಲ್ಲ" ಎಂದು ಹೇಳಿ ರಾಘು ರೈಲು ಹತ್ತಿದ. ಅವತ್ತಿನಿಂದ ನನಗೆ ನನ್ನ ಹಸಿರು ಗಾಡಿ ಮುದುಕಿಯ ಹಾಗೆ ಕಾಣತೊಡಗಿತು. ಮಳೆಗಾಲ ಕಳೆಯುತ್ತಲೇ ಪದ್ಮಳನ್ನು ಕೂರಿಸಿಕೊಂಡು ಹೊರಟೆ. ಮೈಸೂರಿನವರಿಗೆ ಮುಂಬಯಿ ಎಂದರೆ ಪರದೇಶವೇ. ಪಕ್ಕದ ಮನೆಯ ಅಜ್ಜಿ ನಮಗೆ ಆರತಿ ಎತ್ತಿ, "ಅಲ್ಲಿ ನೀರು ಕಾಯಿಸ್ಕೊಂಡು ಕುಡೀರಪ್ಪ" ಎಂದು ಕಣ್ಣೊರೆಸಿಕೊಂಡರು.

ವಿಕ್ರೋಳಿ

ದಾರಿಯ ಊರುಗಳನ್ನು ಬಿಟ್ಟುಬಿಡುತ್ತೇನೆ. ಎಲ್ಲ ಕಡೆಯೂ ಜನ ಕಾರು ನೋಡಿದರು, ನಾನು ಅವರು ನೋಡುವುದನ್ನು ನೋಡಿದೆ. ಠಾಣೆ ದಾಟಿ ಪಟ್ಟಣ ಇನ್ನೇನು ಬಂತು ಎನ್ನುವಾಗ, ವಿಕ್ರೋಳಿಯಲ್ಲಿ, ಗಾಡಿ ಬುಸುಗುಟ್ಟಿ ನಿಂತಿತು. ಒಂದು ಕಡೆ ಜೌಗು, ಇನ್ನೊಂದು ಕಡೆ ಹೊಸ ಕಾರ್ಖಾನೆಗಳು. ಪದ್ಮ ಕೂಜದಲ್ಲಿದ್ದ ಕುಡಿಯುವ ನೀರನ್ನೆಲ್ಲ ರೇಡಿಯೇಟರಿಗೆ ಸುರಿದಳು. ಬಿಸಿ ಇಳಿಯಿತು, ಗಾಡಿ ಮಾತ್ರ ಎದ್ದೇಳಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಭೋಂಗಾ ಕೂಗಿ ಕೆಲಸದವರು ಹೊರಬಿದ್ದರು. ಯಾರೂ ಏನೂ ಕೇಳಲಿಲ್ಲ. ಏಳೆಂಟು ಜನ ನೇರವಾಗಿ ಬಂದು ಕೈ ಹಚ್ಚಿ, "ಚಲಾ, ಧಕ್ಕಾ ಮಾರಾ!" ಎಂದು ತಳ್ಳಿಯೇಬಿಟ್ಟರು. ಎಂಜಿನ್ನು ಹಿಡಿಯಿತು. ಧನ್ಯವಾದ ಹೇಳೋಣವೆಂದು ತಿರುಗಿದರೆ ಅವರೆಲ್ಲ ಲೋಕಲ್ ಹಿಡಿಯಲು ಸ್ಟೇಷನ್ನಿನ ಕಡೆ ಓಡುತ್ತಿದ್ದರು. ನಮ್ಮೂರಿನಲ್ಲಾದರೆ ಮೊದಲು ನಾಲ್ಕು ಜನ ಸೇರಿ ಯಾರ ಮನೆಯವರು ಎಂದು ಕೇಳುತ್ತಾರೆ. ಐದನೆಯವನು ತನ್ನ ಸೋದರಮಾವನ ಗಾಡಿ ಇದೇ ಜಾಗದಲ್ಲಿ ನಿಂತ ಕಥೆ ಹೇಳುತ್ತಾನೆ. ಅಷ್ಟು ಹೊತ್ತಿಗೆ ಕಾರು ತಣ್ಣಗಾಗಿ ತಾನಾಗಿಯೇ ಹೊರಡುತ್ತದೆ.

ತಳ್ಳಿದವರಲ್ಲಿ ಒಬ್ಬ ಓಡುತ್ತ ಓಡುತ್ತ ಇನ್ನೊಬ್ಬನಿಗೆ "ಜುನೀ ಗಾಡೀ ಆಹೇ" ಎಂದದ್ದು ಕಿವಿಗೆ ಬಿತ್ತು. ಹಳೇ ಗಾಡಿ! ಮೈಸೂರಿನಲ್ಲಿ ಅದನ್ನು ಒಂದು ನರಪಿಳ್ಳೆಯೂ ಹಾಗೆ ಕರೆದಿರಲಿಲ್ಲ.

ಪರೇಲ್

ರಾಘುವಿನ ವಾಸ ಗಿರಣಿಯ ಕ್ವಾರ್ಟರ್ಸಿನಲ್ಲಿ. ಕೆಳಗೆ ಮೆಟ್ಟಿಲ ಪಕ್ಕದಲ್ಲಿ ತಾಡಪಾಲು ಹೊದ್ದು ಏನೋ ನಿಂತಿತ್ತು. ಅಕ್ಕ ಭಾವ ಬಂದ ಸಂತೋಷಕ್ಕೆ ಅವನು ಕಾಫಿಗೂ ಮೊದಲು ಆ ತಾಡಪಾಲು ಎಳೆದ.

ಹೇಳಿಬಿಡುತ್ತೇನೆ: ನನ್ನ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು. ಪಾರಿವಾಳದ ಕತ್ತಿನ ಬೂದಿ ಬಣ್ಣ. ಮೂತಿ ಉದ್ದಕ್ಕೆ ಚಾಚಿ, ಹಿಂಭಾಗ ಗಿಡ್ಡಗೆ ಬಾಗಿ, ನಿಂತಲ್ಲಿಯೇ ಓಡುತ್ತಿರುವಂತೆ ಕಾಣುತ್ತಿತ್ತು. ಕೂರುವ ಜಾಗ ಕೆಂಪು ಚರ್ಮದ್ದು, ಇಬ್ಬರಿಗೂ ಬೇರೆ ಬೇರೆ, ನಡುವೆ ಗೇರಿನ ಕೋಲು. ನನ್ನ ಗಾಡಿ ಅದರ ಪಕ್ಕದಲ್ಲಿ ರಾಗಿ ಚೀಲದ ಹಾಗೆ ನಿಂತಿತ್ತು.

"ನಮ್ ರಾಘು ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದಾನೆ ನೋಡಿ" ಎಂದಳು ಪದ್ಮ. ತಮ್ಮನನ್ನು ಹೊಗಳಲಿ, ಬೇಡವೆನ್ನುವುದಿಲ್ಲ. ಹೊಗಳಿದ ಮೇಲೆ ಅವಳು ನಮ್ಮ ಗಾಡಿಯ ಮಡ್‌ಗಾರ್ಡಿಗೆ ಮೆತ್ತಿದ ಕೆಸರನ್ನು ನೋಡಿದಳಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಕಾಫಿ ಕುಡಿಯುತ್ತ ರಾಘು ಗುಂಪಿನ ಒಂದು ಪದ್ಧತಿ ಹೇಳಿದ. ಅವರಲ್ಲಿ ಕಾರು ಕೈ ಬದಲಾಯಿಸುವಾಗ ಬೀಗದ ಕೈ ಗಂಡಸರ ಕೈಯಿಂದ ಹೋಗುವಂತಿಲ್ಲ. ಕೊಡುವ ಮನೆಯ ಹೆಂಗಸು ತೆಗೆದುಕೊಳ್ಳುವ ಮನೆಯ ಹೆಂಗಸಿನ ಕೈಗೆ ಕೊಡಬೇಕು. ಇದೇ ಬೂದಿ ಬಣ್ಣದ ಗಾಡಿಯನ್ನು ರುಸ್ತುಂಜಿ ಹೆಂಡತಿಗೆ ಹೇಳದೆ ರಾಘುವಿಗೆ ಒಪ್ಪಿಸಿದ್ದರಂತೆ. ಆಕೆ, ಪಿರೋಜಬಾಯಿ, ಗಾಡಿಯೊಳಗೆ ಹೋಗಿ ಕೂತವರು ಇಳಿಯಲೇ ಇಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡರಂತೆ. ಅಂದಿನಿಂದ ಈ ನಿಯಮ.

"ನಿಂಗೆ ಹೆಂಡ್ತಿ ಇಲ್ಲವಲ್ಲಯ್ಯ, ನಿನ್ ಕೈಯಿಂದ ಕೊಡೋರು ಯಾರು?" ಎಂದೆ.

"ಅಕ್ಕ ಇದಾಳಲ್ಲ."

"ತಗೊಳ್ಳೋಳೂ ಅವಳೇ ಅಲ್ವೇನೋ?"

ಬಲಗೈಯಿಂದ ಎಡಗೈಗೆ ಕೊಟ್ಟುಕೊಂಡರಾಯಿತು ಎಂದು ಮೂವರೂ ನಕ್ಕೆವು. ಆ ನಗು ಬಂದಾಗ ಕಾರು ಅರ್ಧ ನನ್ನದೇ ಆಗಿಹೋಯಿತು.

ಜೋಗೇಶ್ವರಿ

ಮರುದಿನ ಮಧ್ಯಾಹ್ನ ಊಟಕ್ಕೆ ಕರೆದವರು ಡಾಕ್ಟರ್ ಕುಲಕರ್ಣಿ. ಬಿಜಾಪುರದ ಕಡೆಯವರು, ಹಲ್ಲಿನ ವೈದ್ಯರು, ಜೋಗೇಶ್ವರಿಯಲ್ಲಿ ಮನೆ. ನಾನು ಬರುವ ತನಕ ರಾಘುವಿನ ಕೆಳಗೆ ಸಾಲಿನಲ್ಲಿದ್ದವರು ಅವರೇ. ಎಂದರೆ, ನನ್ನ ದೆಸೆಯಿಂದ ಬೂದಿ ಬಣ್ಣದ ಗಾಡಿ ತಪ್ಪಿಹೋಗುವುದು ಅವರಿಗೇ. ಅಂಥವರು ಊಟಕ್ಕೆ ಕರೆದಾಗ ಎಚ್ಚರವಾಗಿರಬೇಕು ಎಂದುಕೊಂಡು ಹೊರಟೆ.

ಓಡಿಸಿ ನೋಡಿ ಎಂದು ರಾಘು ತನ್ನ ಕಾರನ್ನೇ ಕೊಟ್ಟು, ತಾನು ಲೋಕಲಿನಲ್ಲಿ ಬಂದ. ಆ ಕಾರಿನ ಬಗ್ಗೆ ಬರೆಯತೊಡಗಿದರೆ ನಿಲ್ಲಿಸಲಾರೆ. ಕಾಲು ಸೋಕಿದರೆ ಸಾಕು, ಚಿಮ್ಮುತ್ತದೆ. ಮಾಹೀಮಿನ ಖಾಡಿಯ ಸೇತುವೆ ದಾಟುವಾಗ ಸಮುದ್ರದ ಗಾಳಿ ಕಿವಿಯಲ್ಲಿ ಶಂಖ ಊದುತ್ತಿತ್ತು. "ಹೆಂಗಿದೆ?" ಎಂದು ಪದ್ಮಳನ್ನು ಕೇಳಿದೆ. "ಏನಂದ್ರೀ?" ಎಂದಳು. ಇನ್ನೊಮ್ಮೆ ಕೂಗಿದೆ. ಇನ್ನೊಮ್ಮೆ "ಏನಂದ್ರೀ?" ಎಂದಳು. ಗಾಳಿಯ ಆರ್ಭಟ ಎಂದುಕೊಂಡು ಸುಮ್ಮನಾದೆ.

ಮನೆಯ ಎದುರು ತಗಡು ಬಡಿಯುವ ಸಣ್ಣ ಕಾರ್ಖಾನೆ. ಆ ಸದ್ದಿನ ನಡುವೆ ಕುಲಕರ್ಣಿ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಲಿಲ್ಲ, ಗಾಡಿಯನ್ನು ನೋಡಿದರು. ಅದನ್ನು ಒಂದು ಸುತ್ತು ಹಾಕಿ, ಕರವಸ್ತ್ರದಿಂದ ಗಾಜಿನ ಮೇಲಿನ ಧೂಳೊರೆಸಿ, ಆಮೇಲೆ ನನ್ನ ಕಡೆ ತಿರುಗಿ ನಕ್ಕರು. ಕೀಳಬೇಕಾದ ಹಲ್ಲನ್ನು ನೋಡಿ ನಗುವಂಥ ನಗು.

"ಎರಡು ವರ್ಷಾತ್ರಿ ವಕೀಲ್ರ, ಈ ಗಾಡಿ ದಾರಿ ಕಾಯ್ಲಿಕ್ಕತ್ತು. ಹೊಸಾ ಮಾಡೆಲ್ ಬರ್ತದ, ಬರ್ತದ ಅಂತ ದಿನಾ ದೇವರಿಗೆ ಕೈ ಮುಗೀತೀನಿ. ನನಗ ಹೊಸಾದು ಯಾಕ ಬೇಕ್ರಿ? ಮ್ಯಾಲಿನವರು ಸರದ್ರ ನನಗ ಇದು ಬರ್ತದ. ಈಗ ನೀವು ಬಂದೀರಿ."

"ಸಂಬಂಧ ಅಂತ ಒಂದಿದೆಯಲ್ಲ ಡಾಕ್ಟರೇ" ಎಂದೆ.

"ಸಾಲು ಅಂತನೂ ಒಂದದರಿ" ಎಂದರು.

ಅವರ ಹೆಂಡತಿ ಬಿಸಿ ಜೋಳದ ಭಕ್ರಿ ಬಡಿಬಡಿದು ಹಾಕುತ್ತಿದ್ದರು. ಊಟದ ನಡುವೆ ಕುಲಕರ್ಣಿ ನನ್ನನ್ನು ಬಿಟ್ಟು ಪದ್ಮಳ ಕಡೆ ತಿರುಗಿದರು. "ತಂಗಿ, ನಿಮ್ಮ ಹಸಿರ ಗಾಡಿ ಭಾಳ ಛಲೋ ಅದ ಅಂತ ರಾಘು ಹೇಳ್ಯಾರ. ಅಂಥಾ ಗಾಡಿ ಈಗ ಎಲ್ಲಿ ಸಿಗ್ತಾವು? ಬಿಡಬ್ಯಾಡ್ರಿ." ಪದ್ಮ ನನ್ನ ತಟ್ಟೆಗೆ ಎಣ್ಣೆಗಾಯಿ ಬಡಿಸಿದಳು. ಎದುರು ಕಕ್ಷಿಯ ಸಾಕ್ಷಿಯನ್ನು ಒಳಗೆ ಹಾಕಿಕೊಳ್ಳುವ ಈ ತಂತ್ರ ನನಗೆ ಹೊಸದಲ್ಲ. ಭಕ್ರಿ ಮಾತ್ರ ಬಹಳ ಚೆನ್ನಾಗಿತ್ತು. ವೈರಿಯ ಮನೆಯಲ್ಲಿ ಇಷ್ಟು ಚೆನ್ನಾಗಿ ಉಂಡದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಮತ್ತೆ ಪರೇಲ್, ಭಾನುವಾರ

ಭಾನುವಾರ ಗಿರಣಿಗೆ ರಜೆ. ಹತ್ತಿಯ ಗೋದಾಮಿನ ಮುಂದೆ ಸಿಮೆಂಟಿನ ದೊಡ್ಡ ಅಂಗಳ. ಸುತ್ತ ಹ್ಯಾಲ್ಡನ್ನುಗಳು ನಿಂತಿದ್ದವು. ನನ್ನದು ಗೇಟಿನ ಹತ್ತಿರ, ಎಲ್ಲಕ್ಕಿಂತ ಹಿಂದೆ. ಹತ್ತು ಹನ್ನೆರಡು ಮಂದಿ ಅಂಗಳದ ನಡುವೆ ಗುಂಪಾಗಿ ನೆಲ ನೋಡುತ್ತಿದ್ದರು. ನಾನು ಕೈ ಮುಗಿದುಕೊಂಡು ನೇರವಾಗಿ ಅವರ ಕಡೆ ನಡೆದೆ.

"ಅರೆ! ಅರೆ! ಬಾನೆಟ್!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಕೆಳಗೆ ನೋಡಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಕಾರು ಬರೆದಿತ್ತು, ಮೇಲಿನಿಂದ ನೋಡಿದರೆ ಕಾಣುವ ಹಾಗೆ, ನಿಜವಾದ ಅಳತೆಗೆ. ನಾನು ಚಪ್ಪಲಿ ಹಾಕಿಕೊಂಡು ಅದರ ಮೂತಿಯ ಮೇಲೆ ನಿಂತಿದ್ದೆ. ಕುಲಕರ್ಣಿ ಮಂಡಿಯೂರಿ, ನನ್ನ ಕಾಲಿನ ಗುರುತನ್ನು ಒರೆಸಿ, ಅಳಿಸಿಹೋದ ಗೆರೆಯನ್ನು ತಿದ್ದಿದರು. ಎದ್ದು ಎಲ್ಲರನ್ನೂ ಒಮ್ಮೆ ನೋಡಿದರು. ಇಂಥವನಿಗೆ ಗಾಡಿ ಕೊಡುತ್ತೀರಾ ಎಂಬ ಪ್ರಶ್ನೆ ಆ ನೋಟದಲ್ಲಿತ್ತು.

ಅದು ಬರಲಿರುವ ಹ್ಯಾಲ್ಡನ್. ಯಾರೂ ನೋಡಿದ್ದಲ್ಲ. ಹಡಗಿನವರು ಹೇಳಿದ್ದು, ವಿಲಾಯಿತಿಯ ಪತ್ರಿಕೆಗಳು ಊಹಿಸಿದ್ದು, ಎಲ್ಲ ಸೇರಿಸಿ ರಾಘು ಟೇಪು ಹಿಡಿದು ಬರೆದದ್ದು. ಪ್ರತಿ ವಾರವೂ ಹೊಸ ಸುದ್ದಿ ಬಂದ ಹಾಗೆ ಅಳಿಸಿ ತಿದ್ದುತ್ತಾರಂತೆ. ಒಳಗೆ ಎರಡು ಬೆತ್ತದ ಕುರ್ಚಿ. ಅದರೊಳಗೆ ಹೋಗಬೇಕಾದರೆ ಗೆರೆ ದಾಟಿ ಹೋಗುವಂತಿಲ್ಲ. ಬಾಗಿಲೆಂದು ಬರೆದ ಜಾಗದಲ್ಲಿಯೇ, ಬಾಗಿಲು ತೆರೆದಂತೆ ಕೈಯಾಡಿಸಿ ಹೋಗಬೇಕು. ಎದುರಿನ ಹೋಟೆಲಿನಿಂದ ಇಡ್ಲಿಯ ಪಾತ್ರೆ ಹೊತ್ತು ತಂದ ಉಡುಪಿಯ ಭಟ್ಟರು ನನ್ನ ಕಿವಿಯಲ್ಲಿ, "ಎಂಥ ಹೇಳುದು ಮಾರಾಯ್ರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಅಂದ್ರೆ ಇದೇ" ಎಂದರು. ಅವರೂ ಮಾತ್ರ ಗೆರೆಯನ್ನು ಬಳಸಿಕೊಂಡೇ ಹೋದರು.

ರುಸ್ತುಂಜಿ ಬಂದರು. ಎತ್ತರದ ಆಳು, ಬಿಳಿ ಮೀಸೆ. ಸೀಮೆಸುಣ್ಣದ ಬಾಗಿಲು ತೆರೆದು ಕುರ್ಚಿಯಲ್ಲಿ ಕೂತು, ಕೊಡೆಯನ್ನು ಗೇರು ಮಾಡಿಕೊಂಡು ಓಡಿಸತೊಡಗಿದರು. ಯಾರೂ ನಗಲಿಲ್ಲ. ಎಲ್ಲರ ಭಾಗ್ಯವೂ ಆ ಕುರ್ಚಿಯ ಮೇಲಿತ್ತು. ಅವರು ಹೂಂ ಅಂದರೆ ಹೊಸದು ಬರುತ್ತದೆ, ಸಾಲು ಮುಂದಕ್ಕೆ ಸರಿಯುತ್ತದೆ. ರಾಘು ಒಂದೊಂದಾಗಿ ವಿವರಿಸಿದ: ಗಾಜುಗಳನ್ನು ಒಳಗಿನಿಂದಲೇ ತಿರುಗಿಸಿ ಏರಿಸಬಹುದು, ಬಾಗಿಲಿಗೆ ಹೊರಗಡೆಯೂ ಹಿಡಿಕೆ ಇರುತ್ತದೆ.

"ಹೊರಗೆ ಹಿಡಿಕೆಯೇ!" ಎಂದು ಗುಂಪಿನಲ್ಲಿ ಯಾರೋ ನಿಟ್ಟುಸಿರುಬಿಟ್ಟರು.

"ಸಾಲಾ, ಗಾಡಿಯೋ ಬೆಡ್‌ರೂಮೋ?" ಎಂದರು ರುಸ್ತುಂಜಿ ತಮ್ಮ ಮುಂಬಯಿ ಹಿಂದಿಯಲ್ಲಿ. ಆದರೂ ಕೊಡೆ ಅಲ್ಲಾಡಿಸುತ್ತಲೇ ಇದ್ದರು. ಆಸೆ ಇನ್ನೂ ಇತ್ತು.

ಆಗ ಪಿರೋಜಬಾಯಿ ಇನ್ನೊಂದು ಬಾಗಿಲಿನಿಂದ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಎರಡು ಕುರ್ಚಿಗಳ ನಡುವೆ ಎರಡು ಉದ್ದ ಗೆರೆ. ಗೇರುಪೆಟ್ಟಿಗೆಯ ಉಬ್ಬು ಅಲ್ಲಿ ಹಾದುಹೋಗುತ್ತದೆ ಎಂದು ರಾಘು ಹೇಳಿದ. ಆಕೆ ಆ ಉಬ್ಬಿನ ಮೇಲಿಂದ ಗಂಡನ ಕಡೆ ಕೈ ಚಾಚಿದರು. ಎಟುಕಲಿಲ್ಲ.

"ರುಸ್ತಮ್, ತೂ ಕಿಧರ್ ಬೈಠಾ ಹೈ? ಪೂನಾ ಮೇ?"

ನೀನೆಲ್ಲಿ ಕೂತಿದ್ದೀಯ, ಪುಣೆಯಲ್ಲೇ ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕರು, ರುಸ್ತುಂಜಿ ನಗಲಿಲ್ಲ. ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, "ಈ ಕಾರು ನಮಗೆ ಬೇಡ" ಎಂದುಬಿಟ್ಟರು. ಮೇಲಿನವರು ಕದಲದಿದ್ದರೆ ಕೆಳಗಿನವರೆಲ್ಲ ಇದ್ದಲ್ಲೇ ಇರಬೇಕು. ನನಗೂ ಕುಲಕರ್ಣಿಗೂ ಒಂದೇ ಸಲ ಮುಖ ಬಾಡಿದ್ದು ಅದೇ ಮೊದಲು.

ಪಿರೋಜಬಾಯಿ ಎದ್ದು ಗೇಟಿನ ಕಡೆ ನಡೆದರು. ನನ್ನ ಹಸಿರು ಗಾಡಿಯ ಮುಂದೆ ನಿಂತರು. ಬಾಗಿಲು ತೆರೆದು ಕೂತು, ಗಂಡನನ್ನು ಕೈಸನ್ನೆ ಮಾಡಿ ಕರೆದರು. ನನ್ನದರಲ್ಲಿ ಕೂರುವ ಜಾಗ ಒಂದೇ ಉದ್ದನೆಯ ಚರ್ಮದ ಸೀಟು. ಗೇರಿನ ಕೋಲು ಓಡಿಸುವವನ ಬಲಕ್ಕೆ, ಬಾಗಿಲ ಕಡೆ ಇರುತ್ತದೆ. ಆ ಕಾಲದ ಹ್ಯಾಲ್ಡನ್ನುಗಳೆಲ್ಲ ಹಾಗೆಯೇ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು. ಮದುವೆಯಾದ ಹೊಸದರಲ್ಲಿ ತಮ್ಮ ಹತ್ತಿರ ಇಂಥದ್ದೇ ಇತ್ತು ಎಂದು ಆಕೆ ಹೇಳಿದಾಗ ಮುದುಕರ ಮೀಸೆ ನಡುಗಿತು.

ಇಳಿದು ಬಂದವರೇ ರುಸ್ತುಂಜಿ ತೀರ್ಪು ಕೊಟ್ಟರು. ಈ ಹಸಿರು ಗಾಡಿ ತಮಗೆ ಬೇಕು. ತಮ್ಮ ಈಗಿನದು ರಾಘುವಿಗೆ. ರಾಘುವಿನ ಬೂದಿ ಬಣ್ಣದ್ದು ನನಗೆ. ಇವತ್ತೇ, ಈಗಲೇ. ಹೊಸ ಮಾಡೆಲ್ ಬೇಕಾದವರು ಕಾಯಲಿ.

ನನ್ನ ಹೊಟ್ಟೆಯ ಕೆಂಡ ಆರಿತು. ಬೂದಿ ಬಣ್ಣದ ಗಾಡಿಯಲ್ಲಿ ಕೋರ್ಟಿನ ಮುಂದೆ ಇಳಿಯುವುದು, ಜಡ್ಜಿಗಳು ಕಿಟಕಿಗೆ ಬರುವುದು, ಎಲ್ಲ ಕಣ್ಣ ಮುಂದೆ ಬಂತು. ಕುಲಕರ್ಣಿ ಸೀಮೆಸುಣ್ಣವನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದರು. ನಾನು ಬೀಗದ ಕೈಯನ್ನು ಪದ್ಮಳಿಗೆ ಕೊಟ್ಟೆ. ಪಿರೋಜಬಾಯಿ ಸೆರಗನ್ನು ತಲೆಗೆ ಎಳೆದುಕೊಂಡು ಅವಳ ಮುಂದೆ ಎರಡೂ ಕೈ ಒಡ್ಡಿದರು.

ಪದ್ಮ ಕೊಡಲಿಲ್ಲ. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಳು.

"ಅಕ್ಕಾ, ಎಲ್ಲಾರೂ ಕಾಯ್ತಿದಾರೆ" ಎಂದ ರಾಘು ಮೆಲ್ಲಗೆ.

"ನಿನ್ ಕಾರು ಚೆನ್ನಾಗಿದೆ ಕಣೋ ರಾಘು, ಇಲ್ಲ ಅನ್ನಲ್ಲ" ಎಂದಳು ಪದ್ಮ. "ಆದ್ರೆ ಅದ್ರಲ್ಲಿ ಇವರು ನಂಗೆ ದೂರ ಆಗ್ತಾರೆ."

ಮದುವೆಯಾದಾಗಿನಿಂದ ಅವಳು ನನಗೇ ಹೇಳದ ಮಾತು. ಅದನ್ನು ಒಂದು ಅಂಗಳದ ತುಂಬ ಜನ, ಇಡ್ಲಿ ತಿನ್ನುತ್ತಿರುವಾಗ, ತಮ್ಮನಿಗೆ ಹೇಳಿದಳು. ನಾಚಿಕೆಯಾಯಿತು, ಸಿಟ್ಟು ಬಂತು, ಇನ್ನೂ ಏನೋ ಆಯಿತು. ಅದಕ್ಕೆ ಹೆಸರು ಹುಡುಕುವಷ್ಟು ಪುರಸೊತ್ತಿರಲಿಲ್ಲ. ಆಕೆ ಏನೆಂದರು ಎಂದು ರುಸ್ತುಂಜಿ ನನ್ನನ್ನು ಕೇಳುತ್ತಿದ್ದರು. ಒಳ್ಳೆ ಮುಹೂರ್ತ ಕೇಳುತ್ತಿದ್ದಾಳೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅಲ್ಲಿ ಕನ್ನಡ ಬಲ್ಲ ಇನ್ನೊಬ್ಬ ಮಹಾನುಭಾವ ಮುಂದೆ ಬಂದು, ಒಂದು ಅಕ್ಷರ ಬಿಡದೆ, ಗಟ್ಟಿಯಾಗಿ, ಹಿಂದಿಯಲ್ಲಿ ಹೇಳಿಬಿಟ್ಟ. ಕುಲಕರ್ಣಿಯ ಹಿಂದಿ ಇಷ್ಟು ಶುದ್ಧವಾಗಿದೆಯೆಂದು ಗುಂಪಿನವರಿಗೂ ಅಂದೇ ಗೊತ್ತಾದದ್ದಂತೆ.

ಪಿರೋಜಬಾಯಿ ಒಂದು ಗಳಿಗೆ ಪದ್ಮಳ ಮುಖ ನೋಡಿದರು. ಆಮೇಲೆ ಅವಳ ಮುಷ್ಟಿಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು, ಬೆರಳುಗಳನ್ನು ಇನ್ನೂ ಬಿಗಿಯಾಗಿ ಮುಚ್ಚಿದರು. ನೇರವಾಗಿ ಸೀಮೆಸುಣ್ಣದ ಕಾರಿಗೆ ಹೋದರು, ಬಾಗಿಲಿನಿಂದಲೇ. ನಡುವಿನ ಉಬ್ಬಿನ ಎರಡೂ ಗೆರೆಯನ್ನು ಚಪ್ಪಲಿಯಿಂದ ತಿಕ್ಕಿ ತಿಕ್ಕಿ ಅಳಿಸಿದರು. ತಮ್ಮ ಕುರ್ಚಿಯನ್ನು ಗಂಡನ ಕುರ್ಚಿಗೆ ತಾಗಿಸಿ ಎಳೆದು ಕೂತರು. "ಅಬ್ ಮಂಗಾವ್" ಎಂದರು. ಈಗ ತರಿಸು ಎಂದು.

ಕಂಪನಿಯವರು ಹಾಗೆ ಮಾಡಿರುವುದಿಲ್ಲವಲ್ಲ ಎಂದು ರಾಘು ತಡವರಿಸಿದ. ಬಂದ ಮೇಲೆ ಗಿರಣಿಯ ಬಡಗಿಗೆ ಹೇಳಿ ಉಬ್ಬಿನ ಮೇಲೆ ಹಲಗೆ ಹಾಕಿಸಿ ಒಂದೇ ಸೀಟು ಮಾಡಿಸುತ್ತೇನೆ ಎಂದರು ರುಸ್ತುಂಜಿ. ಜನ ಚಪ್ಪಾಳೆ ತಟ್ಟಿದರು. ಸಾಲು ಮತ್ತೆ ಸರಿಯತೊಡಗಿತು. ನನ್ನ ಹೆಂಡತಿ ಬೇಡವೆಂದ ಮೇಲೆ ಬೂದಿ ಬಣ್ಣದ ಗಾಡಿ ಯಾರಿಗೆಂದು ಯಾರೂ ಕೇಳಬೇಕಾಗಿರಲಿಲ್ಲ. ಕುಲಕರ್ಣಿ ಆಗಲೇ ಅದರ ಗಾಜು ಒರೆಸುತ್ತಿದ್ದರು.

ಖಂಡಾಲದ ಏರು

ಸೋಮವಾರ ಬೆಳಿಗ್ಗೆ ಹೊರಟೆವು. ನಮ್ಮನ್ನು ಠಾಣೆಯವರೆಗೆ ಬೀಳ್ಕೊಡಲು ರಾಘು ಬಂದ, ಬೂದಿ ಬಣ್ಣದ ಗಾಡಿಯಲ್ಲಿ. ಓಡಿಸುತ್ತಿದ್ದವರು ಕುಲಕರ್ಣಿ. ಒಮ್ಮೆ ನಮ್ಮ ಮುಂದೆ ಹೋಗುತ್ತಿದ್ದರು, ಒಮ್ಮೆ ನಿಂತು ನಾವು ಬರುವುದನ್ನು ಕಾಯುತ್ತಿದ್ದರು. ಕಾಯುವುದೇ ಹೆಚ್ಚು ಉರಿಸುತ್ತಿತ್ತು. ಠಾಣೆಯಲ್ಲಿ ಕಾರು ನಿಲ್ಲಿಸಿ ಬಂದು, "ತಂಗಿ, ನಾ ಅವತ್ತಽ ಹೇಳಿದ್ದೆ, ಬಿಡಬ್ಯಾಡ್ರಿ ಅಂತ" ಎಂದು ಪದ್ಮಳಿಗೆ ಕೈ ಮುಗಿದರು. ನನಗೆ ಬರೀ ನಕ್ಕರು. ಹಾರ್ನ್ ಹೊಡೆದು, ಧೂಳೆಬ್ಬಿಸಿ, ನನ್ನದಾಗಬೇಕಾಗಿದ್ದ ಗಾಡಿ ತಿರುಗಿಕೊಂಡು ಹೋಯಿತು.

ಅಲ್ಲಿಂದ ಪನವೇಲಿನವರೆಗೂ ನಾನು ವಾದ ಮಾಡಿದೆ. ಆ ಗಾಡಿಯ ವೇಗ, ಅದರ ಬಣ್ಣ, ಅದರ ಕೆಂಪು ಚರ್ಮ, ಜೀವಮಾನದಲ್ಲಿ ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ ಎಂಬುದು. ಪದ್ಮ "ಹೂಂ" ಎಂದಳು. ಖೋಪೋಲಿಯವರೆಗೆ ಇನ್ನೊಂದು ಸುತ್ತು ವಾದ ಮಾಡಿದೆ. "ಹೂಂ, ಹೌದು" ಎಂದಳು. ಎಲ್ಲದಕ್ಕೂ ಒಪ್ಪಿಕೊಳ್ಳುವ ಎದುರು ಕಕ್ಷಿಯ ಮುಂದೆ ಯಾವ ವಕೀಲ ತಾನೇ ಏನು ಮಾಡಿಯಾನು?

ಘಾಟಿಯ ಏರು ಶುರುವಾಯಿತು. ಗಾಡಿ ಏದುಸಿರು ಬಿಡುತ್ತ ಹತ್ತತೊಡಗಿತು. ತರಕಾರಿ ಲಾರಿಗಳೂ ನಮ್ಮನ್ನು ಹಿಂದೆ ಹಾಕಿ ಹೋದವು. ನಾನು ಇನ್ನೂ ಮಾತಾಡುತ್ತಲೇ ಇದ್ದೆ. ಒಂದು ತಿರುವಿನಲ್ಲಿ ಹೂಂಗುಟ್ಟುವುದು ನಿಂತದ್ದು ಗಮನಕ್ಕೆ ಬಂತು. ಪದ್ಮ ನನ್ನ ಎಡ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದಳು.

ಗೇರು ಬದಲಾಯಿಸುವುದು ಬಲಗೈಯ ಕೆಲಸ. ಎಡಗಡೆಗೆ ಅದರ ಕುಲುಕು ತಾಗುವುದಿಲ್ಲ. ಬೂದಿ ಬಣ್ಣದ ಆ ಗಾಡಿ ಈ ಏರನ್ನು ಹೇಗೆ ನುಂಗಿಕೊಂಡು ಹೋಗುತ್ತಿತ್ತು ಎಂದು ನೆನೆದರೆ ಹೊಟ್ಟೆ ಉರಿಯುತ್ತಲೇ ಇತ್ತು. ಭುಜವನ್ನು ಮಾತ್ರ ಘಾಟಿ ಮುಗಿಯುವ ತನಕ ನಾನು ಅಲ್ಲಾಡಿಸಲಿಲ್ಲ.